ನೋವು ನಿವಾರಕ ಮಾತ್ರೆಗಳು: ಗುಣವೆಷ್ಟು, ಅಪಾಯವೆಷ್ಟು?

ಕೊಳ್ಳೇಗಾಲದ ರೇಷ್ಮೆ ಮಗ್ಗಗಳು, ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಗಣಿಗಳು, ಯಳಂದೂರಿನ ಗದ್ದೆಗಳು, ಹನೂರು ಮತ್ತು ಅಜ್ಜೀಪುರದ ಹೊಲಗಳು ಎಲ್ಲವೂ ಮೈಮುರಿದು ದುಡಿಯುವವರನ್ನೇ ನಂಬಿಕೊಂಡಿವೆ. ದುಡಿಮೆ ಇರುವಲ್ಲಿ ಸೊಂಟನೋವು, ಮಂಡಿನೋವು, ತಲೆನೋವುಗಳೂ ಇರುತ್ತವೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ತಪ್ಪುತ್ತದೆ. ಆದ್ದರಿಂದ ಹಳ್ಳಿಗಳಲ್ಲಿ ದುಡಿಯುವವನು ಮೊದಲು ಹೋಗುವುದು ಹತ್ತಿರದ ಅಂಗಡಿಗೆ. ಕೇಳುವುದು "ನೋವಿಗೆ ಒಂದು ಮಾತ್ರೆ". ಆ ಗಳಿಗೆಯಲ್ಲಿ ವರ್ತಕನು ತನಗೆ ಅರಿವಿಲ್ಲದೆಯೇ ವೈದ್ಯನ ಸ್ಥಾನದಲ್ಲಿ ನಿಂತಿರುತ್ತಾನೆ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಮಾತ್ರೆ ತೆಗೆದುಕೊಡುವ ಮೇಸ್ತ್ರಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹೀಗೆ ಕೈಬದಲಾಗುವ ಮಾತ್ರೆಗಳ ಗುಣದೋಷಗಳ ಬಗ್ಗೆ ವೈದ್ಯಕೀಯ ಸಂಶೋಧನೆಗಳು ಏನು ಹೇಳುತ್ತವೆ, ಅವುಗಳ ಮಾರಾಟದ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ವರ್ತಕರು ಮತ್ತು ಸಣ್ಣ ಉದ್ಯಮಿಗಳು ಅರಿತಿರುವುದು ಅವಶ್ಯಕ.

ಎರಡು ಬಗೆಯ ಮಾತ್ರೆಗಳು

ಮಾರುಕಟ್ಟೆಯಲ್ಲಿ ನೂರಾರು ಹೆಸರುಗಳಿದ್ದರೂ ಸಾಮಾನ್ಯ ನೋವಿನ ಮಾತ್ರೆಗಳು ಮುಖ್ಯವಾಗಿ ಎರಡೇ ಬಗೆಯವು. ಮೊದಲನೆಯದು ಪ್ಯಾರಾಸಿಟಮಾಲ್. ಇದು ಜ್ವರವನ್ನು ಇಳಿಸಿ ನೋವನ್ನು ತಗ್ಗಿಸುತ್ತದೆ. ಊತದ ಮೇಲೆ ಇದರ ಪರಿಣಾಮ ಅತ್ಯಲ್ಪ. ಎರಡನೆಯದು ಊತವನ್ನೂ ಇಳಿಸುವ ಗುಂಪು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನಿಮೆಸುಲೈಡ್, ಮೆಫೆನಮಿಕ್ ಆಮ್ಲ ಇವೆಲ್ಲ ಈ ಗುಂಪಿಗೆ ಸೇರಿವೆ.

ಎರಡನೆಯ ಗುಂಪಿನ ಔಷಧಗಳು ಕೆಲಸ ಮಾಡುವ ರೀತಿಯನ್ನು 1971ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಶರೀರದಲ್ಲಿ ನೋವು ಮತ್ತು ಊತವನ್ನು ಉಂಟುಮಾಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪಾದನೆಯನ್ನು ಈ ಮಾತ್ರೆಗಳು ತಡೆಯುತ್ತವೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ, ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಸರಿಯಾಗಿಡುವುದೂ ಇವೇ ರಾಸಾಯನಿಕಗಳು. ನೋವನ್ನು ಕಳೆಯುವ ಗುಣವೂ ಹೊಟ್ಟೆಯಲ್ಲಿ ಹುಣ್ಣು ಮಾಡುವ ದೋಷವೂ ಒಂದೇ ಮೂಲದಿಂದ ಬಂದಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಸುಲಭವಲ್ಲ.

ಗುಣದ ಲೆಕ್ಕಾಚಾರ

ಒಂದು ಮಾತ್ರೆಯ ಗುಣವನ್ನು ಅಳೆಯಲು ಸಂಶೋಧಕರು ಅದನ್ನು ಔಷಧಾಂಶವಿಲ್ಲದ ಹುಸಿ ಮಾತ್ರೆಯೊಡನೆ ಹೋಲಿಸುತ್ತಾರೆ. ಹುಸಿ ಮಾತ್ರೆ ನುಂಗಿದವರಲ್ಲಿಯೂ ಹಲವರಿಗೆ ನೋವು ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಎಷ್ಟು ಜನರಿಗೆ ಮಾತ್ರೆ ಕೊಟ್ಟರೆ, ಹುಸಿ ಮಾತ್ರೆಗಿಂತ ಹೆಚ್ಚುವರಿಯಾಗಿ ಒಬ್ಬನಿಗೆ ನೋವು ಅರ್ಧಕ್ಕಾದರೂ ಇಳಿಯುತ್ತದೆ ಎಂಬುದೇ ಅಳತೆಗೋಲು. ಈ ಸಂಖ್ಯೆ ಕಡಿಮೆಯಿದ್ದಷ್ಟೂ ಔಷಧ ಉತ್ತಮ.

ಶಸ್ತ್ರಚಿಕಿತ್ಸೆಯ ನಂತರದ ನೋವಿನ ಬಗ್ಗೆ ನಡೆದ ಪ್ರಯೋಗಗಳನ್ನು ಕೊಕ್ರೇನ್ ಸಂಸ್ಥೆ ಕ್ರೋಢೀಕರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 400 ಮಿ.ಗ್ರಾಂ. ಐಬುಪ್ರೊಫೆನ್‌ಗೆ ಈ ಸಂಖ್ಯೆ 2.5, 1000 ಮಿ.ಗ್ರಾಂ. ಪ್ಯಾರಾಸಿಟಮಾಲ್‌ಗೆ 3.6. ಇವೆರಡನ್ನೂ ಅರ್ಧರ್ಧ ಪ್ರಮಾಣದಲ್ಲಿ, ಅಂದರೆ 200 ಮಿ.ಗ್ರಾಂ. ಐಬುಪ್ರೊಫೆನ್ ಹಾಗೂ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಅನ್ನು ಒಟ್ಟಿಗೆ ಕೊಟ್ಟಾಗ ಸಂಖ್ಯೆ 1.6ಕ್ಕೆ ಇಳಿಯಿತು. ಅಫೀಮಿನ ವರ್ಗಕ್ಕೆ ಸೇರಿದ 60 ಮಿ.ಗ್ರಾಂ. ಕೊಡೀನ್‌ಗೆ ಇದೇ ಸಂಖ್ಯೆ 12. ಬೆಲೆಯಲ್ಲಿ ಅಗ್ಗವಾದ, ಹಳೆಯದಾದ ಮಾತ್ರೆಗಳು ದುರ್ಬಲವೆಂಬ ಭಾವನೆಗೆ ಆಧಾರವಿಲ್ಲವೆಂದು ಇದರಿಂದ ತಿಳಿಯುತ್ತದೆ.

ಆದರೆ ಒಂದು ನೋವಿಗೆ ಹೊಂದಿದ ಮಾತ್ರೆ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೊಸದಾಗಿ ಸೊಂಟನೋವು ಬಂದ ಸುಮಾರು 1,650 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ಯಾರಾಸಿಟಮಾಲ್ ತೆಗೆದುಕೊಂಡವರು ಗುಣಮುಖರಾಗಲು ಸುಮಾರು 17 ದಿನ ಹಿಡಿಯಿತು. ಹುಸಿ ಮಾತ್ರೆ ನುಂಗಿದವರಿಗೆ ಹಿಡಿದದ್ದು 16 ದಿನ. ಮಗ್ಗದ ಮುಂದೆ ಕುಳಿತು ಅಥವಾ ಮೂಟೆ ಹೊತ್ತು ಬಂದ ಸೊಂಟನೋವಿಗೆ ವಾರಗಟ್ಟಲೆ ಮಾತ್ರೆ ನುಂಗುವುದಕ್ಕಿಂತ, ಪೂರ್ತಿ ಮಲಗಿಬಿಡದೆ ಹಗುರವಾದ ಓಡಾಟ ಮುಂದುವರಿಸುವುದೇ ಮೇಲೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಉಳುಕು, ಮೂಗೇಟುಗಳಿಗೆ ಹೊರಗಿನಿಂದ ಹಚ್ಚುವ ಡೈಕ್ಲೊಫೆನಾಕ್ ಜೆಲ್ ಪರಿಣಾಮಕಾರಿಯೆಂದು ಪ್ರಯೋಗಗಳು ತೋರಿಸಿವೆ. ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪವಾದ್ದರಿಂದ ಹೊಟ್ಟೆಗೆ ಬಾಧೆಯೂ ಕಡಿಮೆ.

ಅಪಾಯದ ಲೆಕ್ಕಾಚಾರ

ಪ್ಯಾರಾಸಿಟಮಾಲ್ ಮಿತಿಯಲ್ಲಿದ್ದರೆ ಸುರಕ್ಷಿತ; ಮಿತಿ ಮೀರಿದರೆ ಯಕೃತ್ತಿಗೆ ವಿಷ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ. ಮೀರಬಾರದು. ಅಂದರೆ 500 ಮಿ.ಗ್ರಾಂ.ನ ಎಂಟು ಅಥವಾ 650 ಮಿ.ಗ್ರಾಂ.ನ ಆರು ಮಾತ್ರೆಗಳೇ ಕಡೆಯ ಗೆರೆ. ನಿತ್ಯ ಮದ್ಯಪಾನ ಮಾಡುವವರಿಗೆ, ದೇಹತೂಕ ತೀರ ಕಡಿಮೆ ಇರುವವರಿಗೆ ಈ ಗೆರೆ ಇನ್ನೂ ಕೆಳಗಿರಬೇಕು. ನೆಗಡಿಯ ಮಾತ್ರೆಯಲ್ಲಿ, ತಲೆನೋವಿನ ಮಾತ್ರೆಯಲ್ಲಿ, ಸಂಯುಕ್ತ ನೋವಿನ ಮಾತ್ರೆಯಲ್ಲಿ ಬೇರೆ ಬೇರೆ ಹೆಸರಿನಿಂದ ಇದೇ ಔಷಧ ಅಡಗಿರುತ್ತದೆ. ಮೂರನ್ನೂ ನುಂಗಿದವನಿಗೆ ತಾನು ಗೆರೆ ದಾಟಿದ್ದು ತಿಳಿಯುವುದೇ ಇಲ್ಲ.

ಎರಡನೆಯ ಗುಂಪಿನ ಮಾತ್ರೆಗಳ ಬಗ್ಗೆ 2013ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ಬಹಳ ಮುಖ್ಯವಾದದ್ದು. ಏಳುನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ ಈ ಅಧ್ಯಯನದಂತೆ, ದಿನಕ್ಕೆ 150 ಮಿ.ಗ್ರಾಂ.ನಂತೆ ಡೈಕ್ಲೊಫೆನಾಕ್ ಸೇವಿಸುವವರಲ್ಲಿ ಹೃದಯಾಘಾತ ಮೊದಲಾದ ಗಂಭೀರ ತೊಂದರೆಗಳು ಮೂರನೇ ಒಂದರಷ್ಟು ಹೆಚ್ಚಿದವು. ಒಂದು ಸಾವಿರ ಜನರು ಒಂದು ವರ್ಷ ಸೇವಿಸಿದರೆ ಮೂವರಿಗೆ ಹೆಚ್ಚುವರಿಯಾಗಿ ಇಂತಹ ತೊಂದರೆ. ಆ ಮೂವರಲ್ಲಿ ಒಬ್ಬರಿಗೆ ಅದು ಮಾರಣಾಂತಿಕ. ಹೆಚ್ಚಿನ ಪ್ರಮಾಣದ ಐಬುಪ್ರೊಫೆನ್ ಕೂಡ ಹೃದಯಾಘಾತದ ಸಂಭವವನ್ನು ಹೆಚ್ಚಿಸಿತು. ಜಠರದ ರಕ್ತಸ್ರಾವ ಮತ್ತು ರಂಧ್ರಗಳ ಸಂಭವ ಔಷಧಕ್ಕನುಗುಣವಾಗಿ ಎರಡರಿಂದ ನಾಲ್ಕು ಪಟ್ಟು ಏರಿತು. ಅಪಾಯವು ಸೇವನೆಯ ಮೊದಲ ವಾರಗಳಲ್ಲೇ ಆರಂಭವಾಗಬಹುದೆಂದು ಅಮೆರಿಕದ ಔಷಧ ಆಡಳಿತವು 2015ರಲ್ಲಿ ಎಚ್ಚರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಮಾದರಿ ಪಟ್ಟಿಯಲ್ಲಿ ಐಬುಪ್ರೊಫೆನ್ ಇದೆ, ಡೈಕ್ಲೊಫೆನಾಕ್ ಇಲ್ಲ ಎಂಬುದು ಗಮನಾರ್ಹ.

ನಮ್ಮ ಭಾಗದ ಸಂದರ್ಭಗಳು

ಈ ಅಂಕಿಅಂಶಗಳು ದೂರದ ದೇಶಗಳವು ಎಂದು ಬದಿಗಿಡುವಂತಿಲ್ಲ. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ದೇಶದಲ್ಲೇ ಅತಿ ಹೆಚ್ಚು ನಮ್ಮ ರಾಜ್ಯದ್ದು. ಆ ಜ್ವರದ ಕೀಲುನೋವು ತಿಂಗಳುಗಟ್ಟಲೆ ಉಳಿಯಬಲ್ಲದು. ಡೆಂಗ್ಯೂ ಜ್ವರವೂ ಮೊದಲ ದಿನಗಳಲ್ಲಿ ಹೀಗೆಯೇ ಮೈಕೈ ನೋವಿನೊಡನೆ ಬರುತ್ತದೆ. ಡೆಂಗ್ಯೂವಿನಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆದ್ದರಿಂದ ಜ್ವರದ ಕಾರಣ ತಿಳಿಯುವವರೆಗೆ ಪ್ಯಾರಾಸಿಟಮಾಲ್ ಹೊರತು ಬೇರಾವುದೂ ಸಲ್ಲದು. ಜ್ವರವಿರುವ ಮಕ್ಕಳಿಗಂತೂ ಆಸ್ಪಿರಿನ್ ಕೊಡಲೇಬಾರದು.

ಇನ್ನೊಂದು ಸಂದರ್ಭ ಮಲೆ ಮಹದೇಶ್ವರ ಬೆಟ್ಟದ ಪಾದಯಾತ್ರೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರಿರುತ್ತದೆ. ಭಕ್ತರಲ್ಲಿ ಹಲವರು ಉಪವಾಸವಿರುತ್ತಾರೆ. ಬೆವರಿನಲ್ಲಿ ನೀರು ಹೋಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ, ನೀರಿಲ್ಲದ ಮೈಗೆ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಬಿದ್ದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು. ವಯಸ್ಸಾದವರು, ರಕ್ತದೊತ್ತಡ ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಇದು ಇನ್ನೂ ತೀವ್ರ. ದಾರಿಬದಿಯ ಅಂಗಡಿಯವರು ಕಾಲುನೋವೆಂದು ಬಂದವರಿಗೆ ಮೊದಲು ಕೊಡಬೇಕಾದದ್ದು ನೀರು, ನೆರಳು ಮತ್ತು ಬಾಮ್. ಇವು ಕೆಂಪು ಗೆರೆಯಿರುವ ಮಾತ್ರೆಗಳಿಗಿಂತ ಹೆಚ್ಚು ಉಪಯುಕ್ತ.

ನಿಷೇಧಗಳ ಪಾಠ

ಜಠರಕ್ಕೆ ಬಾಧೆಯಿಲ್ಲವೆಂದು ಹೆಸರಾಗಿದ್ದ ರೊಫೆಕಾಕ್ಸಿಬ್ ಮಾತ್ರೆಯು ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ತಿಳಿದು, ತಯಾರಕರೇ 2004ರ ಸೆಪ್ಟೆಂಬರಿನಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಅದನ್ನು ನಿಷೇಧಿಸಿತು. 2005ರಲ್ಲಿ ವಾಲ್ಡೆಕಾಕ್ಸಿಬ್‌ಗೂ ಅದೇ ಗತಿಯಾಯಿತು. ಯಕೃತ್ತಿಗೆ ಹಾನಿ ಮಾಡಬಹುದಾದ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲಿ ನಿಷೇಧಿಸಲಾಯಿತು. 2025ರ ಡಿಸೆಂಬರಿನಲ್ಲಿ, ಔಷಧಾಂಶ ತಕ್ಷಣ ಬಿಡುಗಡೆಯಾಗುವ ಬಗೆಯ 100 ಮಿ.ಗ್ರಾಂ. ಮೀರಿದ ನಿಮೆಸುಲೈಡ್ ಮಾತ್ರೆಗಳ ತಯಾರಿಕೆ, ಮಾರಾಟಗಳನ್ನೂ ಕೇಂದ್ರ ಸರ್ಕಾರ ತಡೆಯಿತು.

ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸುವ ಸಂಯುಕ್ತಗಳ ಮೇಲೂ ಕ್ರಮ ನಡೆದಿದೆ. 2018ರ ಸೆಪ್ಟೆಂಬರಿನಲ್ಲಿ 328, 2023ರ ಜೂನ್‌ನಲ್ಲಿ 14, 2024ರ ಆಗಸ್ಟ್‌ನಲ್ಲಿ 156 ಸಂಯುಕ್ತಗಳನ್ನು ನಿಷೇಧಿಸಲಾಯಿತು. ಕಡೆಯ ಪಟ್ಟಿಯಲ್ಲಿ 50 ಮಿ.ಗ್ರಾಂ. ಅಸೆಕ್ಲೊಫೆನಾಕ್ ಮತ್ತು 125 ಮಿ.ಗ್ರಾಂ. ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆಯೂ ಇತ್ತು. ಹಳೆಯ ದಾಸ್ತಾನು ಕಪಾಟಿನ ಮೂಲೆಯಲ್ಲಿ ಉಳಿದಿದ್ದರೂ ಮಾರುವಂತಿಲ್ಲ.

ಸಂಯುಕ್ತಗಳು ಇಷ್ಟು ಬೆಳೆಯಲು ವ್ಯಾಪಾರದ ಕಾರಣವೂ ಇದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಿಗೆ ಗರಿಷ್ಠ ಬೆಲೆ ನಿಗದಿಯಾಗಿರುತ್ತದೆ. ಪಟ್ಟಿಯ ಹೊರಗಿನ ಸಂಯುಕ್ತಗಳಿಗೆ ಆ ಮಿತಿಯಿಲ್ಲ, ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಲೂ ಅವಕಾಶವಿದೆ. ಆದ್ದರಿಂದ ಹೆಚ್ಚು ಬೆಲೆಯ ಮಾತ್ರೆಯೇ ಹೆಚ್ಚು ಗುಣದ್ದೆಂದು ತಿಳಿಯಲಾಗದು.

ಅಂಗಡಿಗೆ ಅನ್ವಯಿಸುವ ಕಾನೂನು

ಔಷಧ ಮಾರಾಟಕ್ಕೆ ಪರವಾನಗಿ ಕಡ್ಡಾಯ. ಔಷಧ ನಿಯಮಗಳ 'ಕೆ' ಅನುಸೂಚಿಯು ಸಣ್ಣ ಹಳ್ಳಿಗಳಿಗೆ ಮಾತ್ರ ಒಂದು ವಿನಾಯಿತಿ ನೀಡಿದೆ. ಜನಸಂಖ್ಯೆ ಒಂದು ಸಾವಿರ ಮೀರದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್ ಮಾತ್ರೆ, ಆಸ್ಪಿರಿನ್ ಮಾತ್ರೆ, ನೋವಿನ ಬಾಮ್ ಮೊದಲಾದ ಮನೆಮದ್ದುಗಳನ್ನು ಪರವಾನಗಿಯಿಲ್ಲದೆ ಮಾರಬಹುದು. ಅವುಗಳನ್ನು ಪರವಾನಗಿ ಹೊಂದಿದ ಸಗಟು ವ್ಯಾಪಾರಿ ಅಥವಾ ತಯಾರಕರಿಂದಲೇ ಕೊಂಡಿರಬೇಕು. ತಯಾರಕರ ಮೂಲ ಪ್ಯಾಕಿನಲ್ಲಿ ತೆರೆಯದೆ ಮಾರಬೇಕು. ಊರಿನ ಜನಸಂಖ್ಯೆ ಸಾವಿರವನ್ನು ದಾಟಿದೊಡನೆ ಈ ವಿನಾಯಿತಿ ಇಲ್ಲವಾಗುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಮಾತ್ರೆಗಳು 'ಎಚ್' ಅನುಸೂಚಿಗೆ ಸೇರಿದ್ದು, ಯಾವ ಊರಿನಲ್ಲೇ ಆಗಲಿ ವೈದ್ಯರ ಚೀಟಿಯಿಲ್ಲದೆ ಮಾರತಕ್ಕದ್ದಲ್ಲ. ಪರವಾನಗಿಯಿಲ್ಲದ ಮಾರಾಟ ರುಜುವಾತಾದರೆ ಮೂರರಿಂದ ಐದು ವರ್ಷಗಳ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಒಂದೆರಡು ರೂಪಾಯಿಯ ಲಾಭಕ್ಕೆ ಇಷ್ಟು ದೊಡ್ಡ ಹೊಣೆ ಹೊರುವುದು ಯಾವ ವ್ಯಾಪಾರಕ್ಕೂ ಸಲ್ಲದ ಲೆಕ್ಕ.

ಬಿಲ್ಲನ್ನು ಜೋಪಾನವಾಗಿಡುವುದೂ ಅಷ್ಟೇ ಮುಖ್ಯ. 2025ರ ಜೂನ್‌ನಲ್ಲಿ ರಾಜ್ಯದ ಔಷಧ ನಿಯಂತ್ರಣ ವಿಭಾಗವು ಉತ್ತಮ ಗುಣಮಟ್ಟದ್ದಲ್ಲವೆಂದು ಪ್ರಕಟಿಸಿದ ಉತ್ಪನ್ನಗಳ ಪೈಕಿ 650 ಮಿ.ಗ್ರಾಂ. ಪ್ಯಾರಾಸಿಟಮಾಲ್ ಮಾತ್ರೆಯ ಬ್ಯಾಚೂ ಸೇರಿತ್ತು. ಇಂತಹ ಪ್ರಕಟಣೆ ಬಂದಾಗ ಬ್ಯಾಚ್ ಸಂಖ್ಯೆಯನ್ನು ತಾಳೆ ನೋಡಿ ಹಿಂತಿರುಗಿಸಲು ಬಿಲ್ಲೇ ಆಧಾರ. ಹೆಸರು, ವಿಳಾಸ, ಬ್ಯಾಚ್ ಯಾವುದೂ ಇಲ್ಲದ ವಾತದ ಪುಡಿ, ಗುಳಿಗೆಗಳನ್ನು ದೂರವಿಡುವುದೇ ಕ್ಷೇಮ. ಇಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹಲವೆಡೆ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಕಾರ್ಖಾನೆಯ ಮಾಲೀಕರು ಗಮನಿಸತಕ್ಕದ್ದು

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ನೋವಿಗೆಂದು ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಮುಲಾಮು ಇದ್ದರೆ ಸಾಕು. ಯಾರಿಗೆ, ಎಂದು, ಎಷ್ಟು ಕೊಡಲಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ. ಒಬ್ಬನೇ ಕೆಲಸಗಾರನ ಹೆಸರು ವಾರದಲ್ಲಿ ಮೂರು ಬಾರಿ ಬಂದರೆ ಅವನಿಗೆ ಬೇಕಾದದ್ದು ಮಾತ್ರೆಯಲ್ಲ, ವೈದ್ಯರ ತಪಾಸಣೆ. ಒಂದೇ ಮಗ್ಗದಿಂದ ಅಥವಾ ಒಂದೇ ಯಂತ್ರದಿಂದ ಹಲವರು ಸೊಂಟನೋವೆಂದು ಬಂದರೆ ದೋಷ ಕುಳಿತುಕೊಳ್ಳುವ ಹಲಗೆಯ ಎತ್ತರದಲ್ಲಿರಬಹುದು, ಭಾರ ಎತ್ತುವ ಕ್ರಮದಲ್ಲಿರಬಹುದು. ಅದನ್ನು ಸರಿಪಡಿಸಲು ತಗಲುವ ವೆಚ್ಚ ಒಮ್ಮೆಯದು. ನುರಿತ ಕೆಲಸಗಾರ ಮೂತ್ರಪಿಂಡ ಅಥವಾ ಹೃದಯದ ರೋಗಕ್ಕೆ ತುತ್ತಾದರೆ ಆಗುವ ನಷ್ಟ ಅವನ ಮನೆಗೂ ಉದ್ಯಮಕ್ಕೂ ತುಂಬಲಾರದ್ದು.

ಕಪ್ಪು ಮಲ, ರಕ್ತವಾಂತಿ, ಎದೆನೋವು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ನೋವಿನ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಹೃದಯರೋಗಿಗಳು, ಹುಣ್ಣಿನ ರೋಗಿಗಳು ಮತ್ತು ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಎರಡನೆಯ ಗುಂಪಿನ ಯಾವ ಮಾತ್ರೆಯನ್ನೂ ನುಂಗಬಾರದು. ವೈದ್ಯರು ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ಅವರನ್ನು ಕೇಳದೆ ಬಿಡುವಂತಿಲ್ಲ. ಸರಿಯಾದ ಮಾತ್ರೆ, ಕನಿಷ್ಠ ಪ್ರಮಾಣ, ಕನಿಷ್ಠ ದಿನಗಳು ಎಂಬುದೇ ಈವರೆಗಿನ ಸಂಶೋಧನೆಗಳ ಸಾರ. ಚೀಟಿಯಿಲ್ಲದೆ ಬಂದ ಗಿರಾಕಿಗೆ "ಇದನ್ನು ಕೊಡಲು ಬರುವುದಿಲ್ಲ, ಡಾಕ್ಟರಿಗೆ ತೋರಿಸಿ" ಎಂದು ಹೇಳುವ ವರ್ತಕನು ಅಂದು ಒಂದು ಮಾತ್ರೆಯ ವ್ಯಾಪಾರವನ್ನು ಕಳೆದುಕೊಂಡರೂ ಗಿರಾಕಿಯನ್ನು ಉಳಿಸಿಕೊಳ್ಳುತ್ತಾನೆ.