ಭಾರ ಎತ್ತುವವರ ಊಟ

ಗರಡಿಮನೆಯಲ್ಲಿ ಗುಂಡುಕಲ್ಲು ಎತ್ತುವ ಯುವಕರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದು, "ಹೊಟ್ಟೆಯ ಬೊಜ್ಜು ಕರಗಬೇಕು, ರಾತ್ರಿಯ ಊಟ ಬಿಡಲೇ?" ಎಂದು ಕೇಳುವುದುಂಟು. ಬಿಡಬೇಕಾಗಿಲ್ಲ. ಅರೆಹೊಟ್ಟೆಯಲ್ಲಿ ಭಾರ ಎತ್ತುತ್ತ ಹೋದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿ ಬಲ ಕುಗ್ಗುವುದು.

ದಂಪತಿಗಳಿಬ್ಬರೂ ಅಡುಗೆಯತ್ತ ಗಮನ ಕೊಡಿರಿ. ಒಂದು ಗ್ರಾಂ ಎಣ್ಣೆಯಿಂದ 9 ಕ್ಯಾಲೊರಿ ಶಕ್ತಿ ದೊರೆಯುತ್ತದೆ. ಅಷ್ಟೇ ಪಿಷ್ಟದಿಂದ ಅಥವಾ ಸಸಾರಜನಕದಿಂದ ದೊರೆಯುವುದು 4. ಆದುದರಿಂದ ಒಗ್ಗರಣೆಯ ಎಣ್ಣೆಯನ್ನು ಚಮಚದಿಂದ ಅಳೆದು ಹಾಕಿರಿ. ಮುದ್ದೆಯನ್ನು ತುಸು ಕಿರಿದಾಗಿಸಿ, ಕಾಳಿನ ಪಲ್ಯವನ್ನು ಹೆಚ್ಚಿಸಿರಿ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಪೇಟೆಯ ಡಬ್ಬಿಯ ಪುಡಿಗಾಗಿ ಸಾಲ ಮಾಡುವುದು ಬೇಡ. ಆದರೆ ಕಾಳು, ಮೊಟ್ಟೆಗಳೆಲ್ಲ ಗಂಡನ ತಟ್ಟೆಗೇ ಬೀಳುವುದನ್ನು ನಾನು ಕಂಡಿದ್ದೇನೆ, ಇದು ಸರಿಯಲ್ಲ. ಬಸುರಿಗೂ ಎದೆಹಾಲೂಡಿಸುವ ತಾಯಿಗೂ ಅವು ಅಷ್ಟೇ ಅವಶ್ಯಕ.

ಭಾರ ಎತ್ತುವುದನ್ನು ವಾರಕ್ಕೆ ಮೂರು ದಿನ ಇಟ್ಟುಕೊಂಡು, ಉಳಿದ ದಿನಗಳಲ್ಲಿ ಬಿರುಸಾಗಿ ನಡೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ತಕ್ಕಡಿಯೊಡನೆ ದರ್ಜಿಯ ಟೇಪನ್ನೂ ಬಳಸಿರಿ: ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಬಸುರಿಯಲ್ಲದ ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ಊಟ ತಗ್ಗಿಸುವ ಮುನ್ನ ವೈದ್ಯರನ್ನು ಕಾಣತಕ್ಕದ್ದು.