ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರೇ, ಹೃದಯದ ತಪಾಸಣೆ ಮರೆಯಬೇಡಿ: ಊರಿನ ಹಳೇ ಫೈಲು ಜತೆಗಿರಲಿ

ಮನಾಮ: ಚಿಕ್ಕಂದಿನಲ್ಲಿ ರಕ್ತದ ಕ್ಯಾನ್ಸರ್ ಬಂದು, ಬೆಂಗಳೂರಿನ ಕಿದ್ವಾಯಿಯಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಪಡೆದು ಗುಣವಾದವರು ದೊಡ್ಡವರಾಗಿ ದುಡಿಯಲು ಬಹರೈನ್‌ಗೂ ಬರಬಹುದು. ಮನೆಯವರ ಪಾಲಿಗೆ ಆ ಕಾಯಿಲೆ ಮುಗಿದ ಕತೆ. ಹೃದಯದ ಪಾಲಿಗೆ ಹಾಗಲ್ಲ.

ಡ್ರಿಪ್‌ನಲ್ಲಿ ಕೆಂಪು ಮದ್ದು ಹಾಕಿದ್ದು, ಆಮೇಲೆ ಮಗುವಿನ ಮೂತ್ರ ಕೆಂಪಾಗಿದ್ದು ಅನೇಕ ತಾಯಂದಿರಿಗೆ ನೆನಪಿರಬಹುದು. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಎಂಬ ಈ ಔಷಧಗಳು ಜೀವ ಉಳಿಸುತ್ತವೆ. ಜತೆಗೆ ಹೃದಯದ ಸ್ನಾಯುವಿಗೆ ಪೆಟ್ಟನ್ನೂ ಕೊಡಬಲ್ಲವು. ಅದು ಹತ್ತಿಪ್ಪತ್ತು ವರ್ಷ ಬಿಟ್ಟು ಕಾಣಿಸಿಕೊಳ್ಳುವುದೂ ಉಂಟು. ಎದೆಗೆ ರೇಡಿಯೇಷನ್ ಕೊಟ್ಟಿದ್ದರೆ ಹೃದಯದ ರಕ್ತನಾಳ, ಕವಾಟಗಳಿಗೂ ತೊಂದರೆಯಾಗಬಹುದು.

ಎಲ್ಲರಿಗೂ ಹೀಗಾಗುವುದಿಲ್ಲ, ಹೆದರಬೇಕಿಲ್ಲ. ಎಷ್ಟು ಡೋಸ್ ಹೋಗಿದೆ ಎಂಬುದೇ ಮುಖ್ಯ. ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ದೇಹದ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಹೆಚ್ಚು ಡಾಕ್ಸೊರುಬಿಸಿನ್ ಪಡೆದವರು, ಎದೆಗೆ 30 ಗ್ರೇ ಅಥವಾ ಹೆಚ್ಚು ರೇಡಿಯೇಷನ್ ಪಡೆದವರು 2 ವರ್ಷಕ್ಕೊಮ್ಮೆ ಎಕೋ ಸ್ಕ್ಯಾನ್ ಮಾಡಿಸಬೇಕು. ಔಷಧ 100ರಿಂದ 250ರೊಳಗಿದ್ದರೆ 5 ವರ್ಷಕ್ಕೊಮ್ಮೆ.

ವೀಸಾ ಮೆಡಿಕಲ್‌ನಲ್ಲಿ ಪಾಸಾದೆ, ಇನ್ನೇನು ಅನ್ನಬೇಡಿ. ಎದೆಯ ಎಕ್ಸ್‌ರೇ ಹೃದಯದ ಪಂಪ್ ಶಕ್ತಿಯನ್ನು ಅಳೆಯುವುದಿಲ್ಲ. ಇಸಿಜಿ ಒಂದೇ ಸಾಲದು. ಇಲ್ಲಿನ ಬಿಸಿಲಲ್ಲಿ ಸುಸ್ತಾದರೆ ಎಲ್ಲರೂ ಸೆಕೆಯ ಮೇಲೇ ಹಾಕುತ್ತಾರೆ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು, ಕಾಲಲ್ಲಿ ಬಾವು, ಮಲಗಿದರೆ ಉಸಿರುಕಟ್ಟುವುದು ಇದ್ದರೆ ತಡಮಾಡದೆ ಡಾಕ್ಟರನ್ನು ಕಾಣಿ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ 999ಕ್ಕೆ ಕರೆ ಮಾಡಿ.

ಬಿಪಿ, ಶುಗರ್ ಹತೋಟಿಯಲ್ಲಿಡಿ. ಸಿಗರೇಟು ಬಿಡಿ. ಹೆಣ್ಣುಮಕ್ಕಳು ಗರ್ಭ ಧರಿಸುವ ಮುನ್ನವೇ ಹೃದಯ ತಜ್ಞರಿಗೆ ತೋರಿಸಬೇಕು. ಆಗ ಹೃದಯದ ಮೇಲೆ ಹೊರೆ ಹೆಚ್ಚು.

ಕೆಲಸ ಹೋದೀತು, ಮದುವೆ ತಪ್ಪೀತು ಎಂಬ ಭಯದಿಂದ ಕೆಲವರು ಹಳೇ ಕಾಯಿಲೆ ಮುಚ್ಚಿಡುತ್ತಾರೆ. ಯಾರಿಗೆ ಹೇಳದಿದ್ದರೂ ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಇಪ್ಪತ್ತೈದರ ಯುವಕನ ಹೃದಯ ಸೋತಿರಬಹುದೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಈ ವಾರವೇ ಊರಿಗೆ ಫೋನ್ ಮಾಡಿ, ಕಪಾಟಿನಲ್ಲಿರುವ ಡಿಸ್ಚಾರ್ಜ್ ಸಮ್ಮರಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಫೈಲು ಕಳೆದಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಮನೆಯವರಿಂದ ವಿಚಾರಿಸಿ. ಮದ್ದಿನ ಹೆಸರು, ಒಟ್ಟು ಡೋಸ್, ರೇಡಿಯೇಷನ್ ವಿವರ ಇಷ್ಟು ಕೈಯಲ್ಲಿದ್ದರೆ ಇಲ್ಲಿನ ಡಾಕ್ಟರಿಗೂ ದಾರಿ ಸುಲಭ.