ಪಿಪೆಟ್ ಹಿಡಿಯೋಕೆ ರೋಬೋ ಬಂದರೆ ನಮಗೇನು ಕೆಲಸ?

ಮೈಸೂರಿನಿಂದ ಮಾತಾಡ್ತಿದ್ದೀನಿ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ ಓದುತ್ತಿರುವ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: ‘ಡಿಎನ್‌ಎ ಲ್ಯಾಬ್‌ಗಳಲ್ಲಿ ಪಿಪೆಟಿಂಗ್ ಮಾಡೋಕೆ ರೋಬೋ ಇದೆಯಂತೆ. ಹಾಗಾದ್ರೆ ನಾವು ಕಲಿತು ಏನು ಪ್ರಯೋಜನ?’ ಇವತ್ತು ಅದನ್ನೇ ಮಾತಾಡೋಣ.

ಇದು ಬರೀ ಲ್ಯಾಬ್‌ನವರ ವಿಷಯ ಅಲ್ಲ. 2020ರ ಮಾರ್ಚ್ ನೆನಪಿಸಿಕೊಳ್ಳಿ. ನಮ್ಮ ಪಕ್ಕದ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಹಬ್ಬಿತ್ತು. ಎಲ್ಲಿಂದ ಬಂತು ಅನ್ನೋದೇ ಎಲ್ಲರ ಪ್ರಶ್ನೆ. ಅಂಥ ಪ್ರಶ್ನೆಗೆ ಸುಳಿವು ಕೊಡೋದು ವೈರಸ್‌ನ ಜೀನೋಮ್. ಆ ವರ್ಷ ಬೆಂಗಳೂರಿನ ನಿಮ್ಹಾನ್ಸ್ ತಂಡ ಮೇ 21ರವರೆಗಿನ ರಾಜ್ಯದ 1,578 ಪ್ರಕರಣಗಳ ಜಾಡು ಹಿಡಿದು, 91 ಜೀನೋಮ್ ಓದಿ, ಏಳು ಬೇರೆ ಬೇರೆ ತಳಿಗಳನ್ನು ಗುರುತಿಸಿತು. ಅಂದರೆ ವೈರಸ್ ಒಂದೇ ಬಾಗಿಲಿಂದ ಬಂದಿರಲಿಲ್ಲ. ಹೆಚ್ಚು ಸ್ಯಾಂಪಲ್ ಬೇಗ ಓದಿದಷ್ಟೂ ಚಿತ್ರ ಸ್ಪಷ್ಟ. ಹಾಗಾದರೆ ತಡ ಆಗೋದು ಎಲ್ಲಿ?

ಬಹಳ ಸಲ ದೊಡ್ಡ ಸೀಕ್ವೆನ್ಸಿಂಗ್ ಯಂತ್ರದಲ್ಲಲ್ಲ, ಅದಕ್ಕೂ ಮೊದಲಿನ ‘ಲೈಬ್ರರಿ’ ತಯಾರಿಯಲ್ಲಿ. ಇದು ಪುಸ್ತಕದ ಲೈಬ್ರರಿ ಅಲ್ಲ. ಡಿಎನ್‌ಎಯನ್ನು ಚಿಕ್ಕ ತುಂಡು ಮಾಡಬೇಕು, ತುದಿ ಸರಿಪಡಿಸಬೇಕು, ಯಂತ್ರ ಗುರುತಿಸುವ ಅಡಾಪ್ಟರ್ ಅಂಟಿಸಬೇಕು. ಪ್ರತಿ ಸ್ಯಾಂಪಲ್‌ಗೂ ಬೇರೆ ಬಾರ್‌ಕೋಡ್ ಬೇಕು, ಯಾಕಂದ್ರೆ ಕೊನೆಗೆ ಎಲ್ಲವನ್ನೂ ಒಂದೇ ಟ್ಯೂಬ್‌ಗೆ ಬೆರೆಸ್ತಾರೆ. ಬಾರ್‌ಕೋಡ್ ಅದಲುಬದಲಾದರೆ ಒಬ್ಬರ ರಿಪೋರ್ಟ್ ಇನ್ನೊಬ್ಬರ ಹೆಸರಿಗೆ!

ಈಗ ಲೆಕ್ಕ ಹಾಕಿ. ಒಂದು ಪ್ಲೇಟ್‌ನಲ್ಲಿ ಎಂಟು ಸಾಲು, ಹನ್ನೆರಡು ಕಾಲಂ, ಒಟ್ಟು 96 ಗುಳಿ. ಸ್ಯಾಂಪಲ್‌ಗೆ ಇಪ್ಪತ್ತು ಸಲ ಪಿಪೆಟಿಂಗ್ ಅಂತಿಟ್ಟುಕೊಂಡರೂ 1,920 ಸಲ. ಎಂಟು ತುದಿಯ ಪಿಪೆಟ್ ಬಳಸಿದರೂ 240. ಅದೂ ಒಂದೆರಡು ಮೈಕ್ರೋಲೀಟರ್. ಒಂದು ಹನಿ ನೀರೇ ಸುಮಾರು 50 ಮೈಕ್ರೋಲೀಟರ್! ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ನೋಯುತ್ತೆ, ಯಾವ ಗುಳಿಗೆ ಹಾಕಿದೆ ಅನ್ನೋದೇ ಗೊಂದಲ.

ರೋಬೋಗೆ ಈ ಸುಸ್ತಿಲ್ಲ. ಪ್ರೋಗ್ರಾಂ ಹೇಳಿದ ಗುಳಿಗೆ ಹೇಳಿದಷ್ಟೇ ಹಾಕಿ, ಟಿಪ್ ಬದಲಿಸಿ ಮುಂದೆ ಹೋಗುತ್ತೆ. ಓಪನ್‌ಟ್ರಾನ್ಸ್‌ನಂಥ ರೋಬೋಗಳಿಗೆ ಪೈಥಾನ್‌ನಲ್ಲೇ ಪ್ರೋಗ್ರಾಂ ಬರೀಬಹುದು.

ಆದರೆ ಅದಕ್ಕೆ ಅನುಮಾನವೂ ಬರಲ್ಲ. ಎಂಜೈಮ್ ದ್ರಾವಣದಲ್ಲಿ ಗ್ಲಿಸರಾಲ್ ಇರುತ್ತೆ, ನೀರಿಗಿಂತ ಮಂದ. ಬೇಗ ಎಳೆದರೆ ಅಳತೆ ಕಡಿಮೆ ಬೀಳುತ್ತೆ. ಡಿಎನ್‌ಎ ಹಿಡಿದಿಡುವ ಮ್ಯಾಗ್ನೆಟಿಕ್ ಬೀಡ್‌ಗಳನ್ನು ಎಥನಾಲ್‌ನಲ್ಲಿ ತೊಳೆದ ಮೇಲೆ ಅತಿಯಾಗಿ ಒಣಗಿಸಿದರೆ ಡಿಎನ್‌ಎ ಸರಿಯಾಗಿ ಬಿಡಲ್ಲ. ಎಥನಾಲ್ ಉಳಿದರೆ ಮುಂದಿನ ಕ್ರಿಯೆ ಕೆಡುತ್ತೆ. ಕೈಯಲ್ಲಿ ಮಾಡಿದವರಿಗೆ ಇದು ನೋಡಿದರೇ ಗೊತ್ತಾಗುತ್ತೆ. ವೇಗ, ಸಮಯ ತಪ್ಪಾಗಿ ಬರೆದರೆ ರೋಬೋ 96 ಗುಳಿಯನ್ನೂ ಒಂದೇ ಥರ, ಅಚ್ಚುಕಟ್ಟಾಗಿ ಹಾಳು ಮಾಡುತ್ತೆ.

ಅದಕ್ಕೇ ನನ್ನ ಉತ್ತರ: ಪಿಪೆಟ್ ಚೆನ್ನಾಗಿ ಕಲೀರಿ, ಜೊತೆಗೆ ಸ್ವಲ್ಪ ಪೈಥಾನ್ ಕೂಡ. ನಾಲ್ಕೈದು ಸ್ಯಾಂಪಲ್ ಇದ್ದರೆ ಕೈಯೇ ಸಲೀಸು. ನೂರಾರು ಬಂದಾಗ ರೋಬೋ ಬೇಕು. ಅದಕ್ಕೆ ಹೇಳಿಕೊಡೋಕೆ, ಡಿಎನ್‌ಎ ಹಾಕದ ಖಾಲಿ ಗುಳಿ ಇಟ್ಟು ಕಲಬೆರಕೆ ಹಿಡಿಯೋಕೆ ಆ ಕೆಲಸ ಬಲ್ಲವರೇ ಬೇಕು.

ನಿಮ್ಮ ಪ್ರಶ್ನೆಗಳನ್ನೂ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.